ಕೂಲಿಗೆ ನರಳಿದವರು

“ನರಳಬೇ ರಂಡಿ, ನರಳು! ತವರಮನ್ಯಾಗ ಬಿದ್ಕೊಂಡಂಗ ಬಿದ್ಕೊಂಡೀಯಲ್ಲ!”

ಮ್ಯಾನೇಜರ್ ಶರಣಬಸವ ಮಂಚದ ಕಾಲಿಗೆ ಬೂಟಿನಿಂದ ಒದ್ದ. ಸಣ್ಣವ್ವ “ಯವ್ವಾ…” ಎಂದು ನರಳಿದಳು. ಅವಳ ಮೂಗಿಗೆ ಆಕ್ಸಿಜನ್ ನಳಿಗೆ ಅಂಟಿಸಿದ್ದರು. ಅದರ ಇನ್ನೊಂದು ತುದಿ ಮಂಚದ ಕೆಳಗೆ ಸುಮ್ಮನೆ ನೇತಾಡುತ್ತಿತ್ತು.

ಇರಕಲ್ಲಗಡದಿಂದ ಗಂಗಾವತಿ ಕಡೆ ಭತ್ತದ ನಾಟಿಗೆ ಹೊರಟಿದ್ದ ಹತ್ತು ಹೆಣ್ಣಾಳುಗಳನ್ನು ಬೆಳಿಗ್ಗೆ ಟಂಟಂ ಆಟೋ ನಿಲ್ಲಿಸಿ ಇಳಿಸಿಕೊಂಡವನು ಇವನೇ. ಈ ಖಾಸಗಿ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಹತ್ತು ಮಂಚ ತುಂಬಿರದಿದ್ದರೆ ಸರ್ಕಾರದ ಹಣ ನಿಲ್ಲುತ್ತದಂತೆ. ಇಂದೇ ತಪಾಸಣೆ. ಖರ್ಚು ಭಾರವಾಯಿತೆಂದು ಡಾಕ್ಟರನನ್ನು ಬಿಡಿಸಿ ಮೂರು ತಿಂಗಳಾಗಿತ್ತು; ಗೋಡೆಯ ಬಣ್ಣ ಮಾತ್ರ ಹೊಸದು. ಬಿಳಿ ಕೋಟು ತೊಟ್ಟು ನಿಂತವನು ಕೆಳಗಿನ ಔಷಧಿ ಅಂಗಡಿಯ ಹನಮೇಶ. ಕೆಸರಿನಲ್ಲಿ ಬಗ್ಗುವ ಕೂಲಿಯನ್ನೇ ಮಲಗಿದ್ದಕ್ಕೂ ಕೊಡುತ್ತೇನೆ ಎಂದು ಶರಣಬಸವ ಅಂದಾಗ ಸಣ್ಣವ್ವನಿಗೆ ನಗು ಬಂದಿತ್ತು. ಬೇನೆ ಇಲ್ಲದವರನ್ನು ಕಾಸು ಕೊಟ್ಟು ಮಲಗಿಸುವ ಆಸ್ಪತ್ರೆಯನ್ನು ಅವಳು ಕಂಡಿರಲಿಲ್ಲ.

ಬಾಗಿಲಲ್ಲಿ ಗದ್ದಲವೆದ್ದಿತು. ಹತ್ತಿರದ ಗದ್ದೆಯಲ್ಲಿ ದುಡಿಯುತ್ತಿದ್ದ ಲಾಲಬೀ, ಗಂಡ ಮದಾರಸಾಬನನ್ನು ಹೆಗಲಿಗಾನಿಸಿಕೊಂಡು ಬಂದಿದ್ದಳು. ಅವನ ಕಾಲು ಬಾತಿತ್ತು.

“ನಾಗರಹಾವು ಕಡದೈತ್ರಿ ಸಾಹೇಬ್ರ! ಲಗೂನ ಇಂಜೆಕ್ಷನ್ ಮಾಡ್ರಿ!”

“ಕಣ್ಣು ಹೋಗ್ಯಾವೇನು? ಒಂದೂ ಬೆಡ್ ಖಾಲಿ ಇಲ್ಲ. ಕೊಪ್ಪಳಕ್ಕ ಒಯ್ಯಿ,” ಎಂದ ಶರಣಬಸವ.

ಸಣ್ಣವ್ವ ನಳಿಗೆ ಕಿತ್ತೆಸೆದು ಕೆಳಗಿಳಿದಳು.

“ಇದು ಖಾಲಿ ಐತಿ. ಬಾರಬೇ ತಂಗಿ, ಇಲ್ಲಿ ಮಲಗಸು.”

“ಏ ಹಲ್ಕಟ್, ನಿನ್ನ ಕೂಲಿ ಹೋತು ನೋಡು!”

“ಆ ಕೂಲಿ ನಿನ್ನ ಹೆಣದ ಮ್ಯಾಲ ತೂರಿಕ್ಯಾ. ಇಂಜೆಕ್ಷನ್ ಎಲ್ಲೈತಿ ಹೇಳೋ ಭಾಡ್ಯಾ!”

ಲಾಲಬೀ ಗಂಡನನ್ನು ಆ ಮಂಚದ ಮೇಲೆ ಮಲಗಿಸಿದಳು. ಔಷಧಿಯ ಫ್ರಿಜ್ಜನ್ನು ಸಣ್ಣವ್ವನೇ ತೆಗೆದಳು. ಒಳಗೆ ತಪಾಸಣೆಯ ಸಾಹೇಬರಿಗೆಂದು ತಂದ ಮಜ್ಜಿಗೆ ಪಾಕೀಟು, ಎಳನೀರು, ಒಂದು ಡಬ್ಬಿ ಪೇಡೆ. ಹನಮೇಶ ತನ್ನ ಕೋಟಿನ ಗುಂಡಿ ನೋಡುತ್ತ ನಿಂತ.

ಅಷ್ಟರಲ್ಲಿ ಸಾಹೇಬ ಬಂದೇಬಿಟ್ಟ. ಶರಣಬಸವ ಹಲ್ಲುಗಿಂಜಿದ.

“ನೋಡ್ರಿ ಸರ್, ಈಗರ ಬಂದ ಕೇಸು. ಒಂದು ಮಿನಿಟು ತಡಾ ಮಾಡಂಗಿಲ್ರಿ ನಾವು.”

ಸಾಹೇಬ ಮೂಗಿಗೆ ಕರ್ಚೀಫು ಒತ್ತಿಕೊಂಡು ಬೆರಳಲ್ಲೇ ಎಣಿಸಿದ. “ಹತ್ತೂ ಭರ್ತಿ. ಭಾಳ ಛಲೋ.”

“ಅಂವ ಒಬ್ಬನಽ ಬ್ಯಾನಿಯಾಂವ್ರಿ,” ಎಂದಳು ಸಣ್ಣವ್ವ. “ಉಳದಾವ್ರು ನಾವು ನಾಟಿ ಹಚ್ಚಾವ್ರು. ಏಳ್ರೇ ಎಲ್ಲಾರೂ!”

ಒಂಬತ್ತು ಹೆಂಗಸರು ಮೈಗೆ ಸುತ್ತಿದ್ದ ಸುಳ್ಳು ಪಟ್ಟಿ ಬಿಚ್ಚುತ್ತ ಎದ್ದು ನಿಂತರು. ಸಾಹೇಬ ಕೈಯಲ್ಲಿದ್ದ ಕಾಗದ ತಿರುವಿದ.

“ಇದನ್ನ ಬರಿಯಾಕ ಫಾರಂನಾಗ ಜಾಗಾ ಇಲ್ಲಮ್ಮ.”

“ನಿಮ್ಮ ಗಾಡ್ಯಾಗ ಐತಲ್ರಿ.”

ಹಾಸಿಗೆಯ ಚಾದರವನ್ನು ನಾಲ್ಕೂ ಮೂಲೆ ಹಿಡಿದು ಮದಾರಸಾಬನನ್ನು ಹೊತ್ತೊಯ್ದು, ಸಾಹೇಬನ ಗಾಡಿಯ ಬಿಳಿ ಟವೆಲ್ ಹಾಸಿದ್ದ ಹಿಂದಿನ ಸೀಟಿನ ಮೇಲೆ ಮಲಗಿಸಿದರು.

“ಏಯ್! ಅದು ಸರ್ಕಾರಿ ಗಾಡಿ!” ಎಂದು ಸಾಹೇಬ ಕೂಗಿದ.

“ಹೌದ್ರಿ, ಸರ್ಕಾರದ್ದಽ. ನಿಮ್ಮಪ್ಪಂದಲ್ಲ.” ಸಣ್ಣವ್ವ ಮುಂದೆ ಹತ್ತಿ ಕುಳಿತು ಡ್ರೈವರನತ್ತ ತಿರುಗಿದಳು. “ಅವನ ಮಾರಿ ಏನು ನೋಡ್ತಿ? ಬಿಡು!”

ಹೆಂಗಸರು ಸಾಹೇಬನನ್ನು ಸುತ್ತುಗಟ್ಟಿದ್ದರು. ಡ್ರೈವರ್ ಗಾಡಿ ಬಿಟ್ಟ.

ಕೊಪ್ಪಳ ಇನ್ನೂ ದೂರವಿತ್ತು. ಸಣ್ಣವ್ವ ಹಿಂದಿನ ಸೀಟಿನತ್ತ ತಿರುಗಿ ನೋಡಿದಳು. ತಂತಾವೇ ಮುಚ್ಚಿಕೊಳ್ಳುತ್ತಿದ್ದ ಗಂಡನ ರೆಪ್ಪೆಗಳನ್ನು ಲಾಲಬೀ ಎರಡು ಬೆರಳುಗಳಿಂದ ಎತ್ತಿ ಹಿಡಿದು ಕುಳಿತಿದ್ದಳು.