ಕೈಗಳ ಫೋಟೊ

ಗೋದಾವರಿ ಅಜ್ಜಿ ಕಥೆ ಹೇಳಲು ಕೂತರೆ ತಾವೇ ಕಥೆಯೊಳಗೆ ಹೊಕ್ಕುಬಿಡುತ್ತಿದ್ದರು. ಕಾಗೆಯ ಕಥೆಯಾದರೆ "ನಾ ಹಾರಿ ಹೋದೆ", ರಾಜಕುಮಾರಿಯದಾದರೆ "ನನ್ನ ಏಳ್ ಕೋಣೆಯೊಳಗೆ ಕೂಡಿ ಹಾಕಿದ್ರ್". ಸಾಲಿಗ್ರಾಮದ ಆ ಮನೆಯಲ್ಲಿ ಅದನ್ನು ಯಾರೂ ಸುಳ್ಳು ಎನ್ನಲಿಲ್ಲ. ಮೊಮ್ಮಗಳು ವಿನಯಾಳೂ ಹಾಗೆಯೇ ಬರೆದಳು: ಶಾಲೆ ಬಿಟ್ಟು ಗೇರುಬೀಜದ ಫ್ಯಾಕ್ಟರಿ ಸೇರಿದ ಹುಡುಗಿಯ ಕಾದಂಬರಿ, ಮೊದಲಿಂದ ಕಡೆಯವರೆಗೂ 'ನಾನು'. ಬದುಕು ಮಾತ್ರ ಅವಳ ಸಹಪಾಠಿ ಕುಸುಮಳದು.

೨೦೦೪ರ ಏಪ್ರಿಲ್‌ನಲ್ಲಿ ಪ್ರಕಾಶಕರ ಕಾಗದ ಬಂತು. "ನಮ್ಮ ಹದಿಹರೆಯದವರ ಮಾಲೆಯಲ್ಲಿ ಫ್ಯಾಕ್ಟರಿಯ ಹುಡುಗಿಯೊಬ್ಬಳು ತನ್ನ ಬದುಕನ್ನು ತಾನೇ ಬರೆದದ್ದು ಇದೇ ಮೊದಲು; ಕಡೆಯ ಅಧ್ಯಾಯವೊಂದು ಮಾತ್ರ ಕಲ್ಪನೆ ಎಂದುಕೊಂಡಿದ್ದೇವೆ. ಹಿಂಬದಿಯ ರಕ್ಷಾಪುಟಕ್ಕೆ ಗೇರುಸಿಪ್ಪೆಯ ಎಣ್ಣೆಗೆ ಕಪ್ಪುಗಟ್ಟಿದ ನಿಮ್ಮ ಕೈಗಳ ಫೋಟೊ ಕಳಿಸಿ."

ವಿನಯಾ ಎರಡು ಸಲ ಓದಿದಳು. ಖುಷಿಯೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಕಾಗದ ಮಡಚಿಕೊಂಡು ಬ್ರಹ್ಮಾವರದ ಬಸ್ಸು ಹತ್ತಿದಳು.

ಕುಸುಮ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. "ಹ್ವಾಯ್, ಭಟ್ರ ಮಗಳ್! ಎಂತ ಮಾರಾಯ್ತಿ, ದಾರಿ ತಪ್ಪಿತಾ?"

"ನಿನ್ನ ಕೈಯದ್ದ್ ಒಂದ್ ಫೋಟೊ ಬೇಕಿತ್ತ್."

ಕಾಗದ ಓದಿ ಕುಸುಮ ಕೈ ಚಾಚಿದಳು. "ಬೀಜ ಒಡೆಯುದ್ ಬಿಟ್ಟ್ ನಾ ಪ್ಯಾಕಿಂಗಿಗೆ ಬಂದ್ ಎರಡ್ ವರ್ಷ ಆಯ್ತ್. ಕಾಣ್, ನಿನ್ನ ಕೈಗಿಂತ ಬೆಳಿ ಇತ್ತ್." ಮತ್ತೆ ಕೇಳಿದಳು, "ಕಥೆಯ ಕಡಿಗೆ ಆ ಹೆಣ್ಣಿಗೆ ಎಂತ ಆತ್ತ್?"

"ಸಾಯತ್ತ್."

"ನನ್ನ ಕೊಂದ್ ಹಾಕಿ, ಈಗ ಕೈ ಕೇಳುಕೆ ಬಂದ್ಯಾ?" ಕುಸುಮ ನಕ್ಕಳು.

"ಓದುವರಿಗೆ ಅಳು ಬರ್ಲಿ ಅಂತ..."

"ನಂಗೇ ಬರ್ಲಿಲ್ಲ, ಅವ್ರಿಗೆಂತಕ್ಕೆ?" ಹಿಂಡಿದ ಸೀರೆಯನ್ನು ಕೊಡವಿದಳು. "ಬರದದ್ದ್ ಯಾರ ಕೈ? ಅದನ್ನೇ ಕಳ್ಸ್. ಚಾ ಕುಡೀತ್ಯಾ?"

ಸಾಲಿಗ್ರಾಮದ ಸ್ಟುಡಿಯೊದಲ್ಲಿ ಫೋಟೊ ತೆಗೆಯುವ ಅಣ್ಣಯ್ಯ ವಿನಯಾಳ ಕೈಗಳನ್ನು ಕಪ್ಪು ಬಟ್ಟೆಯ ಮೇಲೆ ಇರಿಸಿ, "ಬಳೆ ಅಂಗ್ಡಿ ಜಾಹೀರಾತಾ?" ಎಂದ. ವಿನಯಾ ಬೆರಳುಗಳನ್ನು ಇನ್ನಷ್ಟು ಅಗಲಿಸಿದಳು.

ಫೋಟೊದ ಜೊತೆಗೆ ಬರೆದಳು: "ಇವು ನನ್ನ ಕೈಗಳು. ಒಂದು ಗೇರುಬೀಜವನ್ನೂ ಒಡೆದಿಲ್ಲ. ಬದುಕು ನನ್ನ ಗೆಳತಿ ಕುಸುಮಳದು. ಅವಳು ಸತ್ತಿಲ್ಲ, ಕಡೆಯ ಅಧ್ಯಾಯ ತೆಗೆಯಬೇಕು."

ಇನ್ನು ಪ್ರಕಾಶಕರು ಈ ಪುಸ್ತಕ ತರಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಲಕೋಟೆ ಅಂಚೆಪೆಟ್ಟಿಗೆಯ ತಳಕ್ಕೆ ಬಿದ್ದ ಸದ್ದಾಯಿತು. ಏನಾದರೂ ಅನ್ನಿಸೀತೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಅನ್ನಿಸಲಿಲ್ಲ. ಬೆರಳಿಗೆ ಅಂಟಿದ್ದ ಗೋಂದನ್ನು ಉಜ್ಜಿಕೊಳ್ಳುತ್ತ ಮನೆಯ ದಾರಿ ಹಿಡಿದಳು.