ಬೋಳುಗುಡ್ಡದ ಗಂಡುಜೇಡ

ಹದಿನಾಲ್ಕು ಬೇಸಿಗೆ ನಾನು ಜೇಡಗಳ ಅಧ್ಯಯನ ಮಾಡುವ ಕ್ಲಾವ್ದಿಯಾ ಸೆಮ್ಯೋನೊವ್ನಾ ಮೇಡಂ ಹಿಂದೆ ಚೀಲ ಹೊತ್ತು ನಡೆದಿದ್ದೇನೆ. ಉತ್ತರದ ಹಿಮನಾಡಿನ ಕೊಲಿಮಾ ಹೊಳೆಯ ಮೇಲ್ಭಾಗದಲ್ಲಿ ನಮಗೆ ನಾಲ್ಕು ಜಾಗಗಳಿದ್ದವು: ದಂಡೆಯ ಪಾಪ್ಲರ್ ತೋಪು, ಲಾರ್ಚ್ ಕಾಡು, ಪಾಚಿ ತುಂಬಿದ ಜೌಗು, ಕೊನೆಗೆ ಒಂದು ಮರವೂ ಇಲ್ಲದ ಬೋಳುಗುಡ್ಡ. ಒಂದೊಂದರಲ್ಲೂ ಇಪ್ಪತ್ತು ಲೋಟ, ಬಾಯಿ ನೆಲಕ್ಕೆ ಸಮನಾಗಿ ಹೂತಿಟ್ಟದ್ದು, ತಳದಲ್ಲಿ ಸ್ವಲ್ಪ ವಿನೆಗರ್. ಓಡಾಡುವ ಜೇಡ ಅದರಲ್ಲಿ ಬೀಳುತ್ತದೆ. ಹತ್ತು ದಿನಕ್ಕೊಮ್ಮೆ ಹೋಗಿ ಸೋಸಿ, ಶೀಸೆಗೆ ತುಂಬಿ, ಚೀಟಿ ಹಾಕಿ ಬರಬೇಕು.

ನಮ್ಮಮ್ಮ ಹಿಮಸಾರಂಗ ಮೇಯಿಸಿದವಳು. "ಸಾರಂಗ ಎಣಿಸಿದ್ರೆ ಒಂದು ಅರ್ಥ ಇದೆ. ಜೇಡ ಎಣಿಸಿ ಯಾರ ಹೊಟ್ಟೆ ತುಂಬತ್ತೆ ಮೋತ್ಯಾ?" ಅನ್ನುತ್ತಿದ್ದಳು.

"ಸೊಳ್ಳೆ ಹೊಟ್ಟೆ ತುಂಬತ್ತಮ್ಮ. ಹೋದಾಗೆಲ್ಲ ಊಟ ಹಾಕಿ ಬರ್ತೀನಲ್ಲ," ಅಂದಿದ್ದೆ.

ಆ ವರ್ಷ ಗುಡ್ಡದ ಲೋಟಗಳನ್ನು ಕೀಳುವ ಹೊತ್ತಿಗೆ ಮೊದಲ ಹಿಮ ಬಿದ್ದಿತ್ತು. ಮೇಡಂಗೆ ಅರವತ್ತೊಂದು. ಕಲ್ಲಿನ ಮೇಲೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ನಾನೇ ಅಷ್ಟೂ ಕಿತ್ತೆ. ಇಳಿಯುವಾಗ ಎರಡು ಸಲ ಎಡವಿದರು. ಮೊಣಕಾಲು ನೋವಿರಬೇಕು ಅಂದುಕೊಂಡೆ.

ಚಳಿಗಾಲವೆಲ್ಲ ಊರಿನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಅವರು ಮೈಕ್ರೋಸ್ಕೋಪಿನಲ್ಲಿ ನೋಡಿ ಹೆಸರು ಹೇಳುತ್ತಾರೆ, ನಾನು ಚಿತ್ರ ಬರೆಯುತ್ತೇನೆ. ಉತ್ತರಕ್ಕೆ ಹೋದಷ್ಟೂ ಜೇಡಗಳು ಚಿಕ್ಕವಾಗುತ್ತ ಹೋಗುತ್ತವೆ. ಸಾಸಿವೆ ಕಾಳಿನಷ್ಟು, ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ. ಗಂಡಿನ ಬಾಯಿಯ ಪಕ್ಕ ಎರಡು ಗಿಡ್ಡ ಕೈಗಳಿರುತ್ತವೆ. ಅದರ ತುದಿಯ ಕೊಕ್ಕೆ ಹೇಗೆ ಬಾಗಿದೆ ಅನ್ನುವುದರ ಮೇಲೆ ಜಾತಿ ತೀರ್ಮಾನ.

ಬೋಳುಗುಡ್ಡದಲ್ಲಿ ಸಿಕ್ಕ ಒಂದು ಗಂಡುಜೇಡ ಇದುವರೆಗೆ ಯಾರೂ ಕಾಣದ ಜಾತಿ ಅಂತ ಮೇಡಂ ಹಿಂದಿನ ವರ್ಷವೇ ಹೇಳಿದ್ದರು. ದೂರದ ಊರಿನ ಪಂಡಿತರಿಗೆ ಕಾಗದವೂ ಹೋಗಿತ್ತು. ಜನವರಿಯಲ್ಲಿ ಆ ಶೀಸೆ ನನ್ನ ಮೇಜಿಗೆ ಬಂತು. "ಚೆನ್ನಾಗಿ ಬರೀ ಮೋತ್ಯಾ. ಇದು ನನ್ನ ಕೊನೆ ಮಗು," ಅಂದರು.

ನಾನು ಪೆನ್ಸಿಲ್ ಹಿಡಿದು ನೋಡಿದೆ. ಕೊಕ್ಕೆ ಎಡಕ್ಕೆ ಬಾಗಿತ್ತು, ಬುಡದಲ್ಲಿ ಒಂದು ಹಲ್ಲು. ಈ ಕೊಕ್ಕೆಯನ್ನು ನಾನು ನೂರು ಸಲ ಬರೆದಿದ್ದೆ. ಜೌಗಿನಲ್ಲಿ ಲೋಟಕ್ಕೆ ಹತ್ತರಂತೆ ಬೀಳುವ ಜೇಡ ಅದು. ಪಕ್ಕದ ಶೀಸೆ ತೆಗೆದೆ. ಚೀಟಿಯ ಮೇಲೆ ಒಂದು ಹೆಸರು, ಒಳಗೆ ಇನ್ನೊಂದು ಜೇಡ. ಸಂಜೆಯವರೆಗೆ ಇಪ್ಪತ್ತು ತೆಗೆದೆ. ಗುಡ್ಡದ್ದೂ ಸೇರಿ ಹನ್ನೊಂದು ತಪ್ಪು. ಎಲ್ಲವೂ ಕಳೆದ ಎರಡು ವರ್ಷದವು. ಹಳೆಯವುಗಳಲ್ಲಿ ಒಂದೂ ತಪ್ಪಿರಲಿಲ್ಲ.

ಸುಮ್ಮನೆ ಚಿತ್ರ ಬರೆದುಬಿಡಬಹುದಿತ್ತು. ಕೊಕ್ಕೆಯನ್ನು ಕೂದಲೆಳೆಯಷ್ಟು ನೇರ ಮಾಡಿದರೆ ಯಾರಿಗೆ ಗೊತ್ತಾಗುತ್ತಿತ್ತು? ಒಂದು ವಾರ ಅದೇ ಯೋಚನೆಯಲ್ಲಿ ಸವೆದೆ. ಎಂಟನೇ ದಿನ ಬಾಯಿಬಿಟ್ಟೆ.

"ಕ್ಲಾವ್ದಿಯಾ ಸೆಮ್ಯೋನೊವ್ನಾ, ಇದು ಜೌಗಿನದ್ದೇ."

"ಯಾವುದು?"

"ಗುಡ್ಡದ್ದು. ನಿಮ್ಮ ಹೊಸ ಜಾತಿ. ಎಳೆ ಬಿಟ್ಟು ಗಾಳಿಗೆ ತೇಲಿ ಮೇಲೆ ಬಂದಿರಬೇಕು."

ಅವರ ಮುಖ ಕೆಂಪೇರಿತು. "ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನೀನು. ಲೋಟ ತೊಳೀತಿದ್ದವಳನ್ನ ಮೇಜಿನ ಮುಂದೆ ಕೂರಿಸಿದ್ದು ನಾನು. ಈಗ ನನಗೇ ಪಾಠ ಹೇಳ್ತೀಯಾ?"

"ಕೂರಿಸಿದ್ದು ನೀವೇ. ಕೊಕ್ಕೆ ನೋಡೋದು ಕಲಿಸಿದ್ದೂ ನೀವೇ," ಅಂದೆ. "ಇದೊಂದೇ ಅಲ್ಲ. ಇನ್ನೂ ಹತ್ತಿದೆ."

ಅವರು ಕೋಟು ಹಾಕಿಕೊಂಡು ಹೊರಟುಹೋದರು. ಮೂರು ದಿನ ಬರಲಿಲ್ಲ.

ನಾಲ್ಕನೇ ದಿನ ನಾನು ಬರುವಷ್ಟರಲ್ಲಿ ಕೋಟು ಬಿಚ್ಚದೆ ಕೂತಿದ್ದರು. ನನ್ನ ಕಡೆ ತಿರುಗದೆ ಹೇಳಿದರು: "ಪೊರೆ ಬಂದಿದೆ ಕಣೇ, ನಿನ್ನೆ ಡಾಕ್ಟರು ನೋಡಿ ಹೇಳಿದ್ರು. ಎರಡು ಕಣ್ಣಿಗೂ. ಎರಡು ವರ್ಷದಿಂದ ದೀಪ ಮಂಕಾಗಿದೆ ಅಂತ ಬಲ್ಬು ಬದಲಾಯಿಸ್ತಾ ಬಂದೆ."

"ಆಗಲೇ ಡಾಕ್ಟರಿಗೆ ತೋರಿಸಬಾರದಿತ್ತಾ?"

"ತೋರಿಸಿದ್ರೆ ಗೊತ್ತಾಗಿಬಿಡ್ತಿತ್ತಲ್ಲ." ಮೈಕ್ರೋಸ್ಕೋಪನ್ನು ನನ್ನ ಕಡೆ ಸರಿಸಿದರು. "ಕಾಣ್ತಿರಲಿಲ್ಲ. ಕಂಡಿದೆ ಅಂದ್ಕೋತಿದ್ದೆ. ಗುಡ್ಡದ ಮೇಲಿನದ್ದು ಹೊಸದಾಗಿರಲಿ ಅಂತ ಆಸೆ ಇತ್ತು, ಅದಕ್ಕೇ ಹೊಸದಾಗಿ ಕಾಣ್ತು."

ಚಹಾ ಮಾಡಿಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು, ಕುಡಿಯಲಿಲ್ಲ.

"ಎರಡು ವರ್ಷದ್ದು ಎಷ್ಟು ಶೀಸೆ ಇದೆ?"

"ಸಾವಿರದ ಮುನ್ನೂರರ ಮೇಲೆ."

"ಎಲ್ಲಾ ತೆಗಿ. ಮೊದಲಿಂದ ನೋಡೋಣ."

ಆ ಚಳಿಗಾಲದಷ್ಟು ನಾನು ಯಾವತ್ತೂ ದಣಿದಿಲ್ಲ. ಕೋಣೆ ಬೆಚ್ಚಗಾಗುತ್ತಲೇ ಇರಲಿಲ್ಲ. ಬೆರಳು ಮರಗಟ್ಟಿ ಇಕ್ಕಳ ಜಾರುತ್ತಿತ್ತು. ನಾನು ಕಂಡದ್ದನ್ನು ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. "ಕೊಕ್ಕೆ ಮೇಲಕ್ಕೋ ಪಕ್ಕಕ್ಕೋ?" "ಪಕ್ಕಕ್ಕೆ." "ತಲೆ ಮೇಲೆ ಉಬ್ಬು?" "ಇದೆ, ನಡುವೆ ಸೀಳು." "ಹಾಗಾದ್ರೆ ಲಾರ್ಚ್ ಕಾಡಿನದ್ದು. ಮುಂದಿನದು ಹೇಳು." ನೂರಾರು ಜಾತಿಯ ಕೊಕ್ಕೆಗಳು ಅವರ ತಲೆಯಲ್ಲಿ ಒಂದೊಂದಾಗಿ ಸರಿಯಾಗಿಯೇ ಇದ್ದವು. ಕೆಲವು ದಿನ ಮಾತು ಮಧ್ಯದಲ್ಲೇ ನಿಂತುಹೋಗುತ್ತಿತ್ತು. ನೋಡಿದರೆ ಕೂತಲ್ಲೇ ನಿದ್ದೆ ಹೋಗಿರುತ್ತಿದ್ದರು. ಎಬ್ಬಿಸಲು ಮನಸ್ಸು ಬಾರದೆ ನಾನೂ ಮೇಜಿಗೆ ಹಣೆ ಹಚ್ಚುತ್ತಿದ್ದೆ.

ಏಪ್ರಿಲ್ ಕೊನೆಗೆ ಮುಗಿಯಿತು. ಇನ್ನೂರ ಎಂಟು ಜಾತಿ ಅಂತಿದ್ದ ಪಟ್ಟಿ ನೂರ ತೊಂಬತ್ತೊಂಬತ್ತಕ್ಕೆ ಇಳಿಯಿತು. ಬೋಳುಗುಡ್ಡದ ಹೊಸ ಹೆಸರನ್ನು ಹೊಡೆದುಹಾಕುವಾಗ ಗೆರೆ ವಾರೆಯಾದೀತು ಅಂತ ನನ್ನ ಕೈಯನ್ನು ತಾವೇ ಹಿಡಿದುಕೊಂಡರು. ಹೊಡೆದಾದ ಮೇಲೂ ಬಿಡಲಿಲ್ಲ.

ಹೊಸ ಪಟ್ಟಿ ನೋಡಿದ ದೂರದ ಊರಿನ ಪಂಡಿತರು ಕಾಗದ ಬರೆದು ಕೆಣಕಿದರು: ಒಂಬತ್ತು ಜಾತಿಯನ್ನು ಜೌಗು ನುಂಗಿತೋ? ಉತ್ತರವನ್ನು ಮೇಡಂ ಹೇಳಿದರು, ನಾನು ಬರೆದೆ: "ನನ್ನ ಕಣ್ಣು ತಪ್ಪಿತು. ಮಾತ್ರ್ಯೋನಾ ಖಬಾರೊವಾ ಮತ್ತೆ ನೋಡಿದ್ದಾಳೆ. ಪಟ್ಟಿಯಲ್ಲಿ ಅವಳ ಹೆಸರೂ ಇರುತ್ತದೆ."

ಅಲ್ಲಿಗೆ ನನ್ನ ಪೆನ್ನು ನಿಂತಿತು.

"ಯಾಕೆ ನಿಲ್ಲಿಸಿದೆ?"

"ನನ್ನ ಹೆಸರು ಯಾಕೆ ಮೇಡಂ? ನಾನು ಕಂಡಿದ್ದು ಹೇಳಿದೆ, ಅಷ್ಟೇ."

"ಈ ಕೆಲಸದಲ್ಲಿ ಇರೋದೇ ಅಷ್ಟು. ಬರಿ. ಬರೆದು ಮನೆಗೆ ಹೋಗಿ ಮಲಗು. ನಾನೂ ಹೋಗ್ತೀನಿ."