ಸೂಜಿಯಕ್ಕನ ಐದು ಪಟ್ಟಿಗಳು

ಐದನೆಯ ಪರೀಕ್ಷಾ ಪಟ್ಟಿಯಲ್ಲೂ ಎರಡು ಗೆರೆ ಮೂಡಿದವು.

ಸೂಜಿಯಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಓರೆಮಾಡಿ ನೋಡಿದಳು. ಒಂದು ಗೆರೆಯೆಂದರೆ ಎಚ್‌ಐವಿ ಇಲ್ಲ, ಎರಡೆಂದರೆ ಇದೆ. ತನ್ನ ಹಾಗೆ ಗಂಡಾಗಿ ಹುಟ್ಟಿ ಹೆಣ್ಣಾದವರಿಗೆಲ್ಲ ಆರು ವರ್ಷದಿಂದ ಅವಳೇ ಇದನ್ನು ಬಾಯಿಪಾಠ ಮಾಡಿಸಿದ್ದಳು. ಪಟ್ಟಿಗಳ ಮೇಲೆ ಐವರ ಹೆಸರಿತ್ತು. ರಕ್ತ ಮಾತ್ರ ಐದರಲ್ಲೂ ಅವಳದೇ.

ಸಂಬಳ ಕೊಡುವ ಸಂಸ್ಥೆಯ ಲೆಕ್ಕಕ್ಕೆ ತಿಂಗಳಿಗೆ ನಲವತ್ತು ಪರೀಕ್ಷೆ ಆಗಲೇಬೇಕು. ಆಗದಿದ್ದರೆ ಕೆಲಸ ಬೇರೆಯವರಿಗೆ. ಅವಳು ಮತ್ತೆ ಸೇತುವೆಯ ಕೆಳಗೆ ಗಿರಾಕಿಗೆ ಕಾಯಬೇಕು. ಹಾಗಾಗಿ ಹೆದರಿ ತಪ್ಪಿಸಿಕೊಂಡವರ ಹೆಸರಲ್ಲಿ ತನ್ನ ಬೆರಳನ್ನೇ ಚುಚ್ಚಿಕೊಳ್ಳುತ್ತಿದ್ದಳು. ಹೋದ ತಿಂಗಳವರೆಗೂ ಒಂದೇ ಗೆರೆ ಬರುತ್ತಿತ್ತು.

"ಅಮ್ಮಾ, ನನ್ನ ರಕ್ತ ಹೆಂಗಿದೆ? ಕೆಂಪಗಿದೆ ತಾನೇ?" ಎನ್ನುತ್ತ ಮಗಳು ಒಳಗೆ ಬಂದಳು. ಹೆತ್ತ ಮಗಳಲ್ಲ, ಮನೆಯವರು ಹೊರಗಟ್ಟಿದಾಗ ಇವಳ ಬಾಗಿಲಿಗೆ ಬಂದು ಅಮ್ಮ ಎಂದವಳು. ಐದರಲ್ಲಿ ಒಂದು ಹೆಸರು ಅವಳದು. "ಚುಚ್ಚಿಸ್ಕೊಳ್ದೇನೇ ರಿಸಲ್ಟ್ ಬರೋ ಮಹಾರಾಣಿ ನಾನು!"

ನಗುತ್ತಲೇ ಮೇಜಿನ ಕಡೆ ಬಗ್ಗಿದವಳು ಎರಡು ಗೆರೆಯ ಪಟ್ಟಿಯೊಂದನ್ನು ಎತ್ತಿ ಹಿಡಿದಳು.

"ಇದು ನಿಂದಾ?"

"ಹ್ಞೂಂ."

"ನೀನು ಆ ಕೆಲಸ ಬಿಟ್ಟು ಆರು ವರ್ಷ ಆಯ್ತಲ್ಲಮ್ಮ!"

"ಇದು ಗಿರಾಕಿ ಕೊಟ್ಟಿದ್ದಲ್ಲ ಕಣೇ."

ಗೂಟದಲ್ಲಿ ಗಂಡನ ಅಂಗಿ ನೇತಾಡುತ್ತಿತ್ತು. ಊರಿಗೆಲ್ಲ ಚೀಲಗಟ್ಟಲೆ ಕಾಂಡೋಮ್ ಹಂಚುವವಳು ಅವನಿಗೆ ಕೊಟ್ಟಿದ್ದು ಒಂದೇ ಸಲ. 'ನಾನೇನು ಗಿರಾಕಿನಾ?' ಎಂದಿದ್ದ. ಆ ಮಾತಿಗೆ ಅವಳು ಒಳಗೊಳಗೇ ಹಿಗ್ಗಿದ್ದಳು. ಮತ್ತೆಂದೂ ಕೊಡಲಿಲ್ಲ.

ಫೋನ್ ಬಡಿದುಕೊಂಡಿತು. ಮೇಲ್ವಿಚಾರಕ. "ಐದೂ ಆಯ್ತೇನಕ್ಕಾ?"

"ಆಯ್ತು ಸಾರ್. ಎಲ್ಲಾ ಒಂದೇ ಗೆರೆ."

ಫೋನಿಟ್ಟು, ಪಟ್ಟಿಗಳನ್ನು ಸುಡಲು ಕಳಿಸುವ ಕಸದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಅಮ್ಮಾ, ಮಾತ್ರೆ ಬೇಡ್ವಾ ನಿಂಗೆ?"

"ಯಾವ ಆಸ್ಪತ್ರೆಗೆ ಹೋಗ್ಲಿ? ಎಲ್ಲಾ ಕಡೆಗೂ ಜನಾನ ಕರ್ಕೊಂಡು ಹೋಗೋಳು ನಾನೇ. ನನ್ನ ಗುರುತಿಲ್ದೇ ಇರೋ ನರ್ಸ್ ಇದಾಳಾ? ಸಂಜೆಯೊಳಗೆ ಆಫೀಸಿಗೆ ಗೊತ್ತಾಗುತ್ತೆ. ಆಮೇಲೆ ಹಳೇ ಪರೀಕ್ಷೆಗಳ ಲೆಕ್ಕಾನೂ ಕೆದಕ್ತಾರೆ."

ಮಗಳು ಗೂಟದ ಅಂಗಿಯ ಕಡೆ ನೋಡಿದಳು. ಆಮೇಲೆ ಹತ್ತಿರ ಬಂದು ಬೆರಳು ಚಾಚಿದಳು.

"ನಂದೂ ನೋಡು. ನಾನೂ ನಮ್ಮೋನಿಗೆ ಕಾಂಡೋಮ್ ಕೊಡಲ್ಲ."

ಪರೀಕ್ಷೆಯ ಕಿಟ್ಟುಗಳು ಆ ಐದಕ್ಕೇ ಮುಗಿದಿದ್ದವು.

"ನಾಳೆ ತರ್ತೀನಿ ಕಣೇ."

"ನಾಳೆ ನಾನು ಒಪ್ಪಲ್ಲಮ್ಮ."

ಬೆರಳು ಇನ್ನೂ ಚಾಚಿಯೇ ಇತ್ತು. ಕಿಟ್ಟಿಲ್ಲವೆಂದು ಗೊತ್ತಿದ್ದೂ ಸೂಜಿಯಕ್ಕ ಅದನ್ನು ಹಿಡಿದುಕೊಂಡು, ಸ್ಪಿರಿಟ್ಟಿನ ಹತ್ತಿಯಿಂದ ತುದಿಯನ್ನು ಒರೆಸತೊಡಗಿದಳು.